ಓದುವ ಕೋಣೆಯಲ್ಲಿ ಎಸಿ ಇದ್ದೂ ಗಾಳಿ ಕೆಟ್ಟಿದೆ: ಪ್ಯೂರಿಫೈಯರ್ ಸಾಕೇ?

ಪ್ರಶ್ನೆ
ಉಡುಪಿ ಕಡೆಯ ಗ್ರಂಥಾಲಯ. ಕೋಣೆ 12 ಮೀಟರ್ ಉದ್ದ, 8 ಅಗಲ, 3 ಎತ್ತರ, 40 ಕುರ್ಚಿ. ಎರಡು ಸ್ಪ್ಲಿಟ್ ಎಸಿ, ಕಿಟಕಿಗಳು ಸದಾ ಮುಚ್ಚಿರುತ್ತವೆ. ಹಳೆಯ ಪುಸ್ತಕಗಳೂ ಜೆರಾಕ್ಸ್ ಯಂತ್ರವೂ ಅಲ್ಲೇ. ಹನ್ನೊಂದು ಗಂಟೆಗೇ ಓದುಗರಿಗೆ ತಲೆಭಾರ, ಆಕಳಿಕೆ. ಮಳೆಗಾಲದಲ್ಲಿ ರಟ್ಟಿನ ಮೇಲೆ ಬೂಷ್ಟು. ಪ್ಯೂರಿಫೈಯರ್ ಕೊಂಡರೆ ಸರಿಹೋಗುತ್ತದೆಯೇ?

ಉತ್ತರ 1
ಪ್ಯೂರಿಫೈಯರ್ ದೂಳು ಹಿಡಿಯುತ್ತದೆ, ಉಸಿರಿನ ಇಂಗಾಲದ ಡೈಆಕ್ಸೈಡ್ ಹಿಡಿಯದು. ಸ್ಪ್ಲಿಟ್ ಎಸಿ ಒಳಗಿನ ಗಾಳಿಯನ್ನೇ ತಣಿಸಿ ತಿರುಗಿಸುತ್ತದೆ, ಹೊಸದನ್ನು ತರುವುದಿಲ್ಲ. ಕೂತು ಓದುವ ಒಬ್ಬರು ಗಂಟೆಗೆ ಸುಮಾರು 18 ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾರೆ. 40 ಜನಕ್ಕೆ 720 ಲೀಟರ್. ನಿಮ್ಮ ಕೋಣೆ 288 ಘನ ಮೀಟರ್. ಗಾಳಿ ಎಲ್ಲೂ ಸೋರದಿದ್ದರೆ ಗಂಟೆಗೆ 2500 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಅದರ ಪಾಲು) ಏರುತ್ತದೆ, ಹೊರಗಿನ 420ರಿಂದ ಹೊರಟು ಕಾಲು ಗಂಟೆಯಲ್ಲೇ 1000 ಮುಟ್ಟುತ್ತದೆ. ಇಷ್ಟಕ್ಕೇ ಅದು ವಿಷವಲ್ಲ. ಗಾಳಿ ಬದಲಾಗುತ್ತಿಲ್ಲ ಎಂದು ತೋರಿಸುವ ಅಳತೆಗೋಲು. ಎನ್‌ಡಿಐಆರ್ ಸೆನ್ಸರ್ (ಅವಗೆಂಪು ಬೆಳಕಿನಿಂದ ಈ ಅನಿಲ ಅಳೆಯುವಂಥದು) ಇರುವ ಮೀಟರನ್ನು ಮೇಜಿನ ಎತ್ತರದಲ್ಲಿ, ಜನರ ಮುಖದಿಂದ ಒಂದು ಮೀಟರಾದರೂ ದೂರ ಇಟ್ಟು ನೋಡಿ.

1000ದ ಆಸುಪಾಸಿನಲ್ಲಿ ನಿಲ್ಲಿಸಲು ತಲೆಗೆ 30ರಂತೆ ಗಂಟೆಗೆ 1200 ಘನ ಮೀಟರ್ ಹೊಸ ಗಾಳಿ ಬೇಕು. ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಎದುರು ಗೋಡೆಯಲ್ಲಿ ಫಿಲ್ಟರ್ ಇರುವ ಕಿಂಡಿ ಬಿಡಿ. ಇಲ್ಲದಿದ್ದರೆ ಫ್ಯಾನು ಪಕ್ಕದ ಶೌಚಾಲಯದ ಗಾಳಿಯನ್ನೇ ಎಳೆದುಕೊಳ್ಳುತ್ತದೆ.

ಉತ್ತರ 2
ಲೆಕ್ಕ ಸರಿ. ಆದರೆ ಜುಲೈಯಲ್ಲಿ ಇಷ್ಟನ್ನೇ ಮಾಡಿದರೆ ಪುಸ್ತಕಗಳು ಹಾಳು. 26 ಡಿಗ್ರಿ, ಶೇ. 90 ತೇವಾಂಶದ ಹೊರಗಾಳಿಯ ಪ್ರತಿ ಘನ ಮೀಟರಿನಲ್ಲಿ ಸುಮಾರು 22 ಗ್ರಾಂ ನೀರಿರುತ್ತದೆ. ಒಳಗೆ 25 ಡಿಗ್ರಿ, ಶೇ. 55 ಉಳಿಯಬೇಕೆಂದರೆ 13 ಗ್ರಾಂ ಮಾತ್ರ ಇರಬೇಕು. ಅಂದರೆ ಆ 1200 ಘನ ಮೀಟರ್ ಗಾಳಿಯಿಂದ ಗಂಟೆಗೆ ಹತ್ತು ಲೀಟರಿಗೂ ಹೆಚ್ಚು ನೀರು ತೆಗೆಯಬೇಕು. ಮನೆಬಳಕೆಯ ಡಿಹ್ಯೂಮಿಡಿಫೈಯರ್ (ಗಾಳಿಯ ತೇವ ತೆಗೆಯುವ ಯಂತ್ರ) ಅಷ್ಟು ತೆಗೆಯಲು ಅರ್ಧ ದಿನ ಹಿಡಿಯುತ್ತದೆ.

ಹಾಗಾಗಿ ಓದುಗರನ್ನೂ ಹಳೆಯ ಸಂಗ್ರಹವನ್ನೂ ಬೇರ್ಪಡಿಸಿ. ನಡುವೆ ಅಲ್ಯೂಮಿನಿಯಂ-ಗಾಜಿನ ಅಡ್ಡಗೋಡೆ ಸಾಕು. ಹೊಸ ಗಾಳಿ ಓದುವ ಕಡೆಗೆ ಮಾತ್ರ, ಜನ ಇರುವಾಗ ಮಾತ್ರ. ಪುಸ್ತಕದ ಕಡೆ ಬಾಗಿಲು ಮುಚ್ಚಿ ಡಿಹ್ಯೂಮಿಡಿಫೈಯರನ್ನು ಹಗಲೂ ರಾತ್ರಿ ನಡೆಸಿ, ತೇವಾಂಶ ಶೇ. 50–55ರಲ್ಲಿಡಿ, 65 ದಾಟಿದರೆ ಬೂಷ್ಟು ಹಿಡಿಯುತ್ತದೆ. ನೀರಿನ ಪೈಪನ್ನು ನೇರ ಹೊರಗೆ ಬಿಡಿ. ಬಕೆಟ್ ಇಟ್ಟರೆ ಭಾನುವಾರ ತುಂಬಿ ಯಂತ್ರ ನಿಲ್ಲುತ್ತದೆ. ಕಪಾಟು ಗೋಡೆಯಿಂದ 10 ಸೆಂಟಿಮೀಟರ್ ದೂರ ಇರಲಿ.

ಬೂಷ್ಟು ಹಿಡಿದ ಪುಸ್ತಕವನ್ನು ಒದ್ದೆ ಬಟ್ಟೆಯಿಂದ ಒರೆಸಲೇಬೇಡಿ, ಕಲೆ ಒಳಗಿಳಿಯುತ್ತದೆ. ಪೂರ್ತಿ ಒಣಗಿಸಿ, ಎನ್95 ಮಾಸ್ಕ್ ಹಾಕಿ, ಹೊರಗೆ ಮೆತ್ತನೆ ಬ್ರಷ್‌ನಿಂದ ಉದುರಿಸಿ.

ಉತ್ತರ 3
ಗಾಳಿ ಕೆಡಿಸುವ ಇನ್ನೂ ಮೂಲಗಳಿವೆ. ಜೆರಾಕ್ಸ್ ಯಂತ್ರ ಓಝೋನ್ ಮತ್ತು ಅತಿ ಸಣ್ಣ ಕಣಗಳನ್ನು ಬಿಡಬಹುದು. ಅದನ್ನು ವರಾಂಡಕ್ಕೆ ಸಾಗಿಸಿ. ಓಝೋನ್ ಕಾಗದಕ್ಕೂ ಶಾಯಿಗೂ ಕೆಟ್ಟದ್ದು, ಆದ್ದರಿಂದ ಓಝೋನ್ ಬಿಡಬಹುದಾದ ಅಯೊನೈಸರ್ (ಗಾಳಿಯ ಕಣಗಳಿಗೆ ವಿದ್ಯುದಾವೇಶ ಕೊಡುವ ಭಾಗ) ಇರುವ ಪ್ಯೂರಿಫೈಯರೂ ಬೇಡ. ಕಪಾಟಿನ ನುಸಿಗುಳಿಗೆ ತೆಗೆದುಹಾಕಿ: ನ್ಯಾಫ್ತಲೀನ್ ಆವಿ ಓದುಗರ ಶ್ವಾಸಕೋಶಕ್ಕೇ ಹೋಗುತ್ತದೆ, ಬೂಷ್ಟನ್ನೂ ತಡೆಯುವುದಿಲ್ಲ. ಹೊಸ ಪ್ಲೈವುಡ್, ಎಂಡಿಎಫ್ (ಮರದ ನಾರನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆ) ಕಪಾಟುಗಳ ಅಂಟಿನಿಂದ ತಿಂಗಳುಗಟ್ಟಲೆ ಕಣ್ಣು-ಮೂಗು ಉರಿಸುವ ಫಾರ್ಮಾಲ್ಡಿಹೈಡ್ ಅನಿಲ ಬರುತ್ತಿರುತ್ತದೆ. ಪೌಡರ್ ಕೋಟಿಂಗ್ ಮಾಡಿದ ಉಕ್ಕಿನದು ಒಳ್ಳೆಯದು. ದೂಳಿಗೆ ಹೆಪಾ (ಅತಿ ಸಣ್ಣ ಕಣಗಳನ್ನೂ ಹಿಡಿಯುವ) ಫಿಲ್ಟರಿನ ವ್ಯಾಕ್ಯೂಮ್ ಬಳಸಿ, ಓದುಗರು ಬರುವ ಮೊದಲೇ ಮುಗಿಸಿ.

ಒಂದು ಎಚ್ಚರಿಕೆ: ಅಗ್ಗದ ಪಿಎಂ2.5 (ಅತಿ ಸಣ್ಣ ದೂಳಿನ ಕಣ) ಮೀಟರ್‌ಗಳು ತೇವ ಹೆಚ್ಚಿರುವಾಗ ದೂಳನ್ನು ಇರುವುದಕ್ಕಿಂತ ಹೆಚ್ಚು ತೋರಿಸುತ್ತವೆ. ಮಳೆಗಾಲದ ಆ ಅಂಕಿ ನೋಡಿ ಖರೀದಿಗೆ ಹೊರಡಬೇಡಿ.