ಧಾರೆ ಸೀರೆ ಏನು ಮಾಡಲಿ?

ಕಳೆದ ತಿಂಗಳು ಡಿವೋರ್ಸ್ ಆಯಿತು. ಧಾರೆ ಸೀರೆ ಬೀರುವಿನಲ್ಲಿ ಹಾಗೇ ಇದೆ, ಕೆಂಪು ಕಂಚಿ, ಸೆರಗಿನಲ್ಲಿ ಅರಿಶಿನದ ಕಲೆ ಇನ್ನೂ ಹೋಗಿಲ್ಲ. ಅಪ್ಪ ಸಾಲ ಮಾಡಿ ಕೊಡಿಸಿದ್ದು, ಬಿಸಾಡೋಕೆ ಮನಸ್ಸಿಲ್ಲ, ಉಡೋಕೂ ಆಗುತ್ತಿಲ್ಲ. ಆರತಕ್ಷತೆ ಸೀರೆ ಅವರ ಮನೆಯವರು ಕೊಟ್ಟಿದ್ದು, ಈಗ ವಾಪಸ್ ಕೇಳುತ್ತಿದ್ದಾರೆ. ಕೊಡಬೇಕಾ?

ಮಲ್ಲೇಶ್ವರದ ಅಕ್ಕ: ಬೇಕಾಗಿಲ್ಲ ಕಣಮ್ಮ. ಮದುವೆಯಲ್ಲಿ ನಿನಗೆ ಕೊಟ್ಟದ್ದು ಸ್ತ್ರೀಧನ, ಅದು ನಿನ್ನದೇ ಸ್ವತ್ತು ಅಂತ ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. ಆದರೂ ಡಿವೋರ್ಸ್ ಒಪ್ಪಂದದ ಪತ್ರದಲ್ಲಿ ಏನು ಬರೆದಿದೆ ನೋಡು.

ತುಮಕೂರಿನವಳು: ನಾನು ಎರಡು ವರ್ಷ ಮುಟ್ಟಲೇ ಇಲ್ಲ. ಆಮೇಲೆ ಮಗಳಿಗೆ ಲಂಗ ಹೊಲಿಸಿದೆ, ಸೆರಗು ರವಿಕೆಗೆ ಬಂತು. ಯುಗಾದಿ ದಿನ ಅವಳು ಅದನ್ನು ಹಾಕಿಕೊಂಡು ಓಡಾಡುವಾಗ ನನಗೆ ಮದುವೆ ನೆನಪಾಗಲಿಲ್ಲ.

ಜರಿ ಅಂಚು: ಮಾರುವುದಾದರೆ ಮೊದಲು ಜರಿ ಟೆಸ್ಟ್ ಮಾಡಿಸಿ. ಅಸಲಿ ಜರಿಯಲ್ಲಿ ಬೆಳ್ಳಿ ಇರುತ್ತದೆ, ಹಳೇ ಸೀರೆ ಕೊಳ್ಳುವವರು ಅದನ್ನು ನೋಡಿಯೇ ದುಡ್ಡು ಕೊಡುತ್ತಾರೆ. ಈಗಲೇ ಬೇಡ ಅನಿಸಿದರೆ ಹತ್ತಿ ಪಂಚೆಯಲ್ಲಿ ಸುತ್ತಿಡಿ, ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ, ಇಲ್ಲಾಂದ್ರೆ ಮಡಿಕೆಯಲ್ಲೇ ಸೀಳುತ್ತದೆ. ನುಸಿ ಗುಳಿಗೆ ಜರಿಗೆ ತಾಗಬಾರದು.

ಕೇಳಿದವಳು: ಲಂಗದ ಮಾತು ಓದಿ ಅತ್ತುಬಿಟ್ಟೆ. ಸದ್ಯಕ್ಕೆ ಅಪ್ಪನ ಹಳೇ ಪಂಚೆಯಲ್ಲಿ ಸುತ್ತಿಡುತ್ತೇನೆ.