ಅಕ್ಸೆಸಿಬಿಲಿಟಿ ಕಲಿತವರು ಹೇಳಿ: ಕೋರ್ಸ್ ಸೇರಬೇಕಾ?

ತುಮಕೂರು ಅಕ್ಕ: ಮ್ಯಾನುಯಲ್ ಟೆಸ್ಟಿಂಗ್ ಕೆಲಸದಲ್ಲಿದ್ದೇನೆ. ಅಂಗವಿಕಲರೂ ಬಳಸುವಂಥ ವೆಬ್‌ಸೈಟ್ ಡಿಸೈನ್ ಮಾಡೋದು, ಟೆಸ್ಟ್ ಮಾಡೋದು ಕಲಿಯಬೇಕು. ಮಗು ಚಿಕ್ಕದು, ರಾತ್ರಿ ಮಾತ್ರ ಬಿಡುವು. ದುಡ್ಡು ಕಟ್ಟಿ ಸೇರಲಾ, ಸುಮ್ನೆ ಮನೆಯಲ್ಲೇ ಕಲಿಯಲಾ?

ರಾಜಾಜಿನಗರ ರಘು: ಕೋರ್ಸ್ ಅಂದರೆ ಮೈ ಉರಿಯುತ್ತದೆ. ಬೆಂಗಳೂರಿನ ಒಂದು ಇನ್‌ಸ್ಟಿಟ್ಯೂಟಿಗೆ 38,000 ಕಟ್ಟಿದೆ. ಅದರ ಮೇಲೆ 18% ಜಿಎಸ್‌ಟಿ, 6,840. ಆಮೇಲೆ ಸ್ಟಡಿ ಮೆಟೀರಿಯಲ್ ಅಂತ 1,500. ಆ ಮೆಟೀರಿಯಲ್ ಏನು ಗೊತ್ತಾ? ವೆಬ್ ಮಾನದಂಡ ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ ಪುಕ್ಕಟೆ ಹಾಕಿರುವ ವಿಕ್ಯಾಗ್ ಅನ್ನೋ ಅಕ್ಸೆಸಿಬಿಲಿಟಿ ಮಾರ್ಗಸೂಚಿಯ ಜೆರಾಕ್ಸು, ಸ್ಪೈರಲ್ ಬೈಂಡಿಂಗ್ ಸಮೇತ! ಅದೂ 2018ರ 2.1 ಆವೃತ್ತಿ. 2.2 ಬಂದದ್ದು 2023ರ ಅಕ್ಟೋಬರ್‌ನಲ್ಲಿ, ನಾನು ಸೇರಿದ್ದು ಅದಾದ ಮೇಲೆ. ಇಂಟರ್‌ವ್ಯೂನಲ್ಲಿ 2.2ರಲ್ಲಿ ಬಂದ, ಬಟನ್ ಕನಿಷ್ಠ 24 ಪಿಕ್ಸೆಲ್ ಇರಬೇಕು ಅನ್ನೋ ನಿಯಮದ ಬಗ್ಗೆ ಕೇಳಿದರು, ಬೆಪ್ಪನ ಹಾಗೆ ಕೂತಿದ್ದೆ. ರೀಫಂಡ್ ಕೇಳಿದರೆ ಫೋನೇ ಎತ್ತುವುದಿಲ್ಲ.

ಮಂಡ್ಯದ ಸುಮಾ: ರಘು ಅವರೇ, ನಿಮಗೆ ಟೋಪಿ ಬಿತ್ತು ಅಂತ ಎಲ್ಲರನ್ನೂ ಹೆದರಿಸಬೇಡಿ. ನಾನು ಐಎಎಪಿ ಅನ್ನೋ ಅಂತರರಾಷ್ಟ್ರೀಯ ಅಕ್ಸೆಸಿಬಿಲಿಟಿ ಸಂಘದ ಸಿಪಿಎಸಿಸಿ ಸರ್ಟಿಫಿಕೇಟ್ ಪರೀಕ್ಷೆ ಪಾಸಾಗಿದ್ದೇನೆ. ಫೀಸು ಡಾಲರಿನಲ್ಲಿ. ಬ್ಯಾಂಕಿನವರ ಫಾರೆಕ್ಸ್ ಚಾರ್ಜು ಬೇರೆ, ಆ ಚಾರ್ಜಿಗೆ ಜಿಎಸ್‌ಟಿ ಬೇರೆ. ಮೂರು ವರ್ಷಕ್ಕೊಮ್ಮೆ ರಿನ್ಯೂ ಮಾಡಿಸಬೇಕು. ‘ಇದಕ್ಕೆ ಹೊಸ ಫ್ರಿಡ್ಜ್ ಬರ್ತಿತ್ತು’ ಅಂತ ಅತ್ತೆ ಈಗಲೂ ಅನ್ನುತ್ತಾರೆ. ಅನ್ನಲಿ. 2025ರ ಏಪ್ರಿಲ್‌ನಲ್ಲಿ ಡಿಜಿಟಲ್ ಸೇವೆ ಅಂಗವಿಕಲರಿಗೂ ಸಿಗಬೇಕು ಅಂತ ಸುಪ್ರೀಂ ಕೋರ್ಟ್ ತೀರ್ಪು ಬಂತು, ಜುಲೈನಲ್ಲಿ ಷೇರುಪೇಟೆ ನಿಯಂತ್ರಿಸುವ ಸೆಬಿಯ ಸುತ್ತೋಲೆ ಬಂತು. ಅಕ್ಸೆಸಿಬಿಲಿಟಿ ಆಡಿಟ್ ಮಾಡುವವರು ಐಎಎಪಿ ಸರ್ಟಿಫೈಡ್ ಇರಬೇಕು ಅಂತಲೇ ಅದರಲ್ಲಿದೆ. ನನಗೀಗ ಕೆಲಸಕ್ಕೆ ಬರವಿಲ್ಲ.

ಕೀಲಿಮಣೆ ಭಟ್ಟ: ನನಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಸರ್ಟಿಫಿಕೇಟಿನವರು ಪಾಸ್ ಮಾಡಿದ ಸೈಟು ಹೇಗಿರುತ್ತೆ ಹೇಳಲಾ? ಒಂದು ಬಿಲ್ ಕಟ್ಟುವ ಪುಟ. ಸೈಟನ್ನು ತಾನಾಗಿ ಪರೀಕ್ಷಿಸುವ ಲೈಟ್‌ಹೌಸ್ ಟೂಲ್ ಕೊಟ್ಟ ಸ್ಕೋರ್ 100. ‘ಪಾವತಿಸಿ’ ಅನ್ನೋದನ್ನು ನಿಜವಾದ ಬಟನ್ ಮಾಡದೆ ಡಿವ್ ಅನ್ನೋ ಬರೀ ಡಬ್ಬಿಯಲ್ಲಿ ಮಾಡಿದ್ದಾರೆ. ಟ್ಯಾಬ್ ಒತ್ತಿದರೆ ಫೋಕಸ್ ಅದನ್ನು ಹಾರಿ ನೇರ ಫುಟರ್‌ಗೆ ಹೋಗುತ್ತದೆ. ವಾಪಸ್ ಬಂದು ಹುಡುಕುವಷ್ಟರಲ್ಲಿ ಒಟಿಪಿ ಟೈಮ್ ಮುಗಿದಿತ್ತು. ಮುಗಿದಿದೆ ಅಂತ ಕೆಂಪು ಅಕ್ಷರದಲ್ಲಿ ಬಂತಂತೆ, ಪರದೆ ಓದಿ ಹೇಳುವ ನನ್ನ ಸ್ಕ್ರೀನ್ ರೀಡರ್ ಎನ್‌ವಿಡಿಎ ಚಕಾರ ಎತ್ತಲಿಲ್ಲ. ಅದನ್ನು ಓದಿ ಹೇಳಿದ್ದು ನನ್ನ ತಮ್ಮ. ಅಕ್ಕ, ಎನ್‌ವಿಡಿಎ ಪುಕ್ಕಟೆ, ಅಂಥದ್ದೇ ಟಾಕ್‌ಬ್ಯಾಕ್ ನಿಮ್ಮ ಆಂಡ್ರಾಯ್ಡ್ ಫೋನಿನಲ್ಲೇ ಇರುತ್ತೆ. ಮಾನಿಟರ್ ಆಫ್ ಮಾಡಿ ಒಂದು ಟಿಕೆಟ್ ಬುಕ್ ಮಾಡಿ, ಸಾಕು.

ಮಂಡ್ಯದ ಸುಮಾ: ಸಾಕಾ? ಅಕ್ಷರಕ್ಕೂ ಹಿನ್ನೆಲೆಗೂ ಬಣ್ಣದ ಕಾಂಟ್ರಾಸ್ಟ್ 4.5:1 ಇದೆಯಾ ಅಂತ ಎನ್‌ವಿಡಿಎ ಹೇಳುತ್ತಾ? ಕಿವಿ ಕೇಳದವರಿಗೆ ಕ್ಯಾಪ್ಶನ್? ಕೈ ನಡುಗುವವರಿಗೆ? ಅಕ್ಸೆಸಿಬಿಲಿಟಿ ಅಂದರೆ ಸ್ಕ್ರೀನ್ ರೀಡರ್ ಒಂದೇ ಅಲ್ಲ ಭಟ್ಟರೇ.

ಕೀಲಿಮಣೆ ಭಟ್ಟ: ನನಗೇ ಪಾಠ ಹೇಳಿ. ನಿಮ್ಮಂಥ ಕನ್ಸಲ್ಟೆಂಟ್‌ಗಳೇ ‘ಸರ್, ಸ್ವಲ್ಪ ನೋಡಿಕೊಡಿ’ ಅಂತ ನನ್ನಿಂದ ಪುಕ್ಕಟೆ ಟೆಸ್ಟ್ ಮಾಡಿಸಿಕೊಂಡು ಕ್ಲೈಂಟ್‌ಗೆ ಬಿಲ್ ಹಾಕೋದು. ಒಂದು ಕಂಪನಿ ಕೊನೆಗೆ ಕಾಫಿ ಮಗ್ಗು ಕಳಿಸಿತು. ಹಿಡಿ ಮುರಿದಿತ್ತು.

ಮಂಡ್ಯದ ಸುಮಾ: ನಾನು ಯಾರಿಗೂ ಮಗ್ಗು ಕಳಿಸಿಲ್ಲ. ನನ್ನ ಟೆಸ್ಟರ್‌ಗಳಿಗೆ ಗಂಟೆ ಲೆಕ್ಕದಲ್ಲಿ ದುಡ್ಡು ಕೊಡುತ್ತೇನೆ.

ಧಾರವಾಡ ಪೇಡಾ: ನಿಮ್ಮ ಜಗಳದಲ್ಲಿ ಕನ್ನಡ ಯಾರಿಗೂ ನೆನಪಿಲ್ಲ. ಪುಟದ ಕೋಡ್‌ನಲ್ಲಿ ಭಾಷೆ ತಿಳಿಸುವ ಲ್ಯಾಂಗ್ ಅನ್ನೋದಕ್ಕೆ ಕನ್ನಡದ ‘ಕೆಎನ್’ ಅಂತ ಹಾಕದೆ ಇಂಗ್ಲಿಷಿನ ‘ಇಎನ್’ ಬಿಟ್ಟರೆ ಎಷ್ಟೋ ಕಡೆ ಇಂಗ್ಲಿಷ್ ದನಿಯೇ ಕನ್ನಡ ಓದಲು ಹೋಗಿ ಒದ್ದಾಡುತ್ತದೆ. ಅದಕ್ಕಿಂತ ದೊಡ್ಡ ಗೋಳು ಹಳೇ ನುಡಿ ಫಾಂಟಿನ ಪಿಡಿಎಫ್. ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಒಂದು ಸಂಸ್ಥೆಯ ಹಳೇ ಸುತ್ತೋಲೆಗಳನ್ನು ಯೂನಿಕೋಡಿಗೆ ತಂದೆವು. ಕನ್ವರ್ಟರ್ ಒತ್ತಕ್ಷರ ಕೆಡಿಸಿತು. ಪುಟಕ್ಕೆ 25 ರೂಪಾಯಿ ಕೊಟ್ಟು ಮತ್ತೆ ಟೈಪ್ ಮಾಡಿಸಿದೆವು. ಬಿಲ್ ಇನ್ನೂ ಪಾಸಾಗಿಲ್ಲ.

ರಾಜಾಜಿನಗರ ರಘು: ನುಡಿಗೆ ಯಾಕೆ ಬೈತೀರಿ? ಅದರಲ್ಲಿ ಯೂನಿಕೋಡ್ ಬಂದು ಎಷ್ಟೋ ವರ್ಷ ಆಯ್ತು. ಹಳೇ ಫಾಂಟ್ ಬಿಡದ ಗುಮಾಸ್ತರಿಗೆ ಹೇಳಿ.

ಧಾರವಾಡ ಪೇಡಾ: ಹಳೇ ಫಾಂಟ್ ಅಂತಲೇ ಬರೆದಿದ್ದೇನೆ. ಓದಿ ಆಮೇಲೆ ಜಗಳಕ್ಕೆ ಬನ್ನಿ.

ತುಮಕೂರು ಅಕ್ಕ: ಎನ್‌ವಿಡಿಎ ಹಾಕಿಕೊಂಡೆ. ಒಂದೇ ಸಮ ಮಾತಾಡ್ತಿದೆ, ಮಗು ಎದ್ದುಬಿಡುತ್ತೆ. ಹೇಗೆ ನಿಲ್ಲಿಸೋದು?

ಕೀಲಿಮಣೆ ಭಟ್ಟ: ಕಂಟ್ರೋಲ್ ಒತ್ತಿ. ಪೂರ್ತಿ ಬಂದ್ ಮಾಡಲು ಇನ್ಸರ್ಟ್ ಹಿಡಿದು ಕ್ಯೂ. ಇಯರ್‌ಫೋನ್ ಹಾಕಿಕೊಳ್ಳಿ ಅಕ್ಕ.