ಪೋಲ್ ಬಾರ್ನ್ ವರ್ಕ್‌ಶಾಪ್: ತಗಡಿನ ಒಳಮೈಯಲ್ಲಿ ನೀರು ಇಳಿಯುತ್ತಿದೆ, ಗೋಡೆಗೆ ಇನ್ಸುಲೇಷನ್ ಹೇಗೆ ಮಾಡಲಿ?

ಸಾಗರದವನು:

ಎಲ್ಲರಿಗೂ ನಮಸ್ಕಾರ. ನಾನಿರುವುದು ಮಿನ್ನೆಸೋಟದಲ್ಲಿ, ರೋಚೆಸ್ಟರ್‌ನಿಂದ ಇಪ್ಪತ್ತು ನಿಮಿಷ ದೂರದ ಹಳ್ಳಿ ಕಡೆ. 2021ರಲ್ಲಿ ಮನೆ ತಗೊಂಡಾಗ ಹಿತ್ತಲಿನ ಪೋಲ್ ಬಾರ್ನ್ ಕೂಡ ಜೊತೆಗೇ ಬಂತು. 30 ಅಡಿ ಅಗಲ, 40 ಅಡಿ ಉದ್ದ, ಗೋಡೆ 10 ಅಡಿ ಎತ್ತರ. ನೋಡಿಲ್ಲದವರಿಗೆ ಹೇಳುತ್ತೇನೆ: ನಮ್ಮ ಕಡೆ ಅಡಿಕೆ ಚಪ್ಪರಕ್ಕೆ ಕಂಬ ನೆಡುತ್ತೇವಲ್ಲ, ಹಾಗೆ ಎಂಟೆಂಟು ಅಡಿಗೆ ಒಂದೊಂದು ಸಿಕ್ಸ್-ಬೈ-ಸಿಕ್ಸ್ ಕಂಬ ಹೂತಿರುತ್ತಾರೆ. ಕಂಬದಿಂದ ಕಂಬಕ್ಕೆ ಹೊರಗಡೆಯಿಂದ ಅಡ್ಡಪಟ್ಟಿ ಹೊಡೆದು, ಅದರ ಮೇಲೆ ತಗಡು ಸ್ಕ್ರೂ ಮಾಡಿರುತ್ತಾರೆ. ಅಷ್ಟೇ ಗೋಡೆ. ಆ ಅಡ್ಡಪಟ್ಟಿಗೆ ಇಲ್ಲಿಯವರು ಗರ್ಟ್ ಅನ್ನುತ್ತಾರೆ.

ನಮ್ಮಪ್ಪ ಸಾಗರದಲ್ಲಿ ಬಡಗಿಯಾಗಿದ್ದರು. ಅವರ ಉಳಿ, ಹತ್ತರಿ, ಬಾಚಿ ಎಲ್ಲ ಈಗ ಈ ಶೆಡ್ಡಿನಲ್ಲಿವೆ. ಏಪ್ರಿಲ್‌ನಲ್ಲಿ ಮಗಳಿಗೆ ಹೆರಿಗೆ. ಅಷ್ಟರೊಳಗೆ ವಾಲ್‌ನಟ್ ಮರದಲ್ಲಿ ಒಂದು ತೊಟ್ಟಿಲು ಮಾಡಿ ಮುಗಿಸಬೇಕು. ಚಳಿಯಲ್ಲಿ ಮರದ ಅಂಟು ಹಿಡಿಯುವುದಿಲ್ಲ, ಸುಣ್ಣದ ಪುಡಿಯ ಹಾಗೆ ಬೆಳ್ಳಗಾಗಿ ಬಿಟ್ಟುಕೊಳ್ಳುತ್ತದೆ. ಒಂದು ಸಂದು ಹಾಗೇ ಬಾಯಿ ಬಿಟ್ಟಿತು. ಅದಕ್ಕೇ ಒಳಗೆ 60 ಡಿಗ್ರಿ ಫ್ಯಾರನ್‌ಹೀಟ್ ಆದರೂ ಬೇಕು.

ಸೀಲಿಂಗ್ ಕೆಲಸ ಮುಗಿದಿದೆ. ಮಾಡನ್ನು ಹೊತ್ತ ತ್ರಿಕೋನದ ಮರದ ಚೌಕಟ್ಟು, ಅಂದರೆ ಟ್ರಸ್, ಎಷ್ಟು ಭಾರ ತಡೆಯುತ್ತದೆ ಅಂತ ಪ್ಲಾನ್ ನೋಡಿಸಿ, ಕೆಳಗೆ ತಗಡು ಹೊಡೆದು, ಮೇಲೆ 14 ಇಂಚು ಸೆಲ್ಯುಲೋಸ್ (ಕಾಗದದ ಪುಡಿಯ ಇನ್ಸುಲೇಷನ್) ಊದಿಸಿದ್ದೇನೆ. ತೊಂದರೆ ಇರುವುದು ಗೋಡೆಯದು.

ನವೆಂಬರ್‌ನಲ್ಲಿ ಉತ್ತರದ ಗೋಡೆಗೆ ಮಾತ್ರ ಫೈಬರ್‌ಗ್ಲಾಸ್ ಹೊದಿಕೆ ತಂದು ಕಂಬಗಳ ನಡುವೆ, ತಗಡಿಗೆ ಒತ್ತಿ ಕೂರಿಸಿ ದಾರ ಕಟ್ಟಿದೆ. ಹಲಗೆ ಆಮೇಲೆ ಹೊಡೆದರಾಯಿತು ಅಂದುಕೊಂಡೆ. ಮೊನ್ನೆ ಒಳಗೆ ಕಾಲಿಟ್ಟಾಗ ಒದ್ದೆ ಗೋಣಿಚೀಲದ ವಾಸನೆ. ಒಂದು ಮೂಲೆಯಲ್ಲಿ ಹೊದಿಕೆ ಬಿಡಿಸಿ ನೋಡಿದೆ. ತಗಡಿನ ಮೇಲೆಲ್ಲ ಸಕ್ಕರೆ ಚೆಲ್ಲಿದ ಹಾಗೆ ಹಿಮ ಕೂತಿತ್ತು. ತಗಡು ದಾಟಿ ಬಂದ ಒಂದೊಂದು ಸ್ಕ್ರೂ ತುದಿಯಲ್ಲೂ ಕಡಲೆಕಾಳಿನಷ್ಟು ಮಂಜುಗಡ್ಡೆ. ಹೊದಿಕೆಯ ಹಿಂಭಾಗ ಹಿಂಡಿದರೆ ಕೈಗೆ ನೀರು ಬಂತು. ಹೀಟರ್ ಹಚ್ಚಿ ಒಂದು ಗಂಟೆಯಾದ ಮೇಲೆ ಅದೆಲ್ಲ ಕರಗಿ, ಕೆಳಗಿನ ಹಲಗೆ ಮೇಲೆ ತೊಟ ತೊಟ ಬೀಳತೊಡಗಿತು. ಆ ಗೋಡೆ ಪಕ್ಕದ ಕಪಾಟಿನಲ್ಲಿದ್ದ ಅಪ್ಪನ ಎರಡು ಉಳಿಗಳಿಗೆ ತುಕ್ಕು ಚುಕ್ಕೆ ಹಿಡಿದಿದೆ. ಅದನ್ನು ನೋಡಿ ನಿಜಕ್ಕೂ ಹೊಟ್ಟೆ ಉರಿಯಿತು.

ಹೀಟರ್ ಪ್ರೊಪೇನ್‌ದು, ನೆಲದ ಮೇಲಿಟ್ಟು ಹಚ್ಚುವ ಟಾರ್ಪೆಡೊ, ಹೊಗೆಕೊಳವೆ ಇಲ್ಲ. ತಗಡಿನ ಹಿಂದೆ ಗಾಳಿ ತಡೆಯುವ ತೆಳು ಹಾಳೆ, ಅಂದರೆ ಹೌಸ್ ರ್‍ಯಾಪ್ ಹಾಕಿಲ್ಲ, ಕಟ್ಟಿದವರು ಬರೀ ದನದ ಮೇವು ಇಡಲು ಕಟ್ಟಿದ್ದಂತೆ.

ಈ ನೀರು ಎಲ್ಲಿಂದ ಬರುತ್ತಿದೆ? ತಗಡು ಬಿಚ್ಚದೆ ಸರಿ ಮಾಡಬಹುದಾ? ಎರಚಿದ ಮೇಲೆ ಉಬ್ಬಿ ಗಟ್ಟಿಯಾಗುವ ಸ್ಪ್ರೇ ಫೋಮ್ ಹೊಡೆಸಿಬಿಡು ಅನ್ನುತ್ತಾರೆ ಪಕ್ಕದ ಹೊಲದವರು. ಅದರ ರೇಟು ನಾನು ಎತ್ತಿಟ್ಟ ದುಡ್ಡಿನ ದುಪ್ಪಟ್ಟು. ಆದರೂ ಅದೇ ಸರಿಯಾದ ದಾರಿ ಅಂದರೆ ಮುಂದಿನ ವರ್ಷದವರೆಗೆ ಕಾಯುತ್ತೇನೆ.

ರೀಪು ಪಟ್ಟಿ (ಓ ಕ್ಲೇರ್, ವಿಸ್ಕಾನ್ಸಿನ್):

ಅಣ್ಣಾ, ಆ ನೀರು ಹೊರಗಿನಿಂದ ಬಂದದ್ದಲ್ಲ. ನಿಮ್ಮ ಶೆಡ್ಡಿನ ಒಳಗಿನ ಗಾಳಿಯದೇ. ಕಡುಬಿನ ಪಾತ್ರೆಯ ಮುಚ್ಚಳ ತೆಗೆದಾಗ ಒಳಗಡೆಯಿಂದ ನೀರು ಸುರಿಯುತ್ತದಲ್ಲ, ನಿಮ್ಮ ತಗಡು ಈಗ ಆ ಮುಚ್ಚಳ. 60 ಡಿಗ್ರಿ ಬಿಸಿಯಿರುವ ಗಾಳಿಯಲ್ಲಿ ತೇವ ಶೇಕಡಾ 40 ಇದ್ದರೂ ಸಾಕು, ಸುಮಾರು 35 ಡಿಗ್ರಿಗಿಂತ ತಣ್ಣಗಿರುವ ಯಾವ ಮೈಗೆ ತಾಗಿದರೂ ನೀರಾಗುತ್ತದೆ. ಜನವರಿಯಲ್ಲಿ ನಿಮ್ಮ ತಗಡು ಸೊನ್ನೆ ಫ್ಯಾರನ್‌ಹೀಟಿನ ಹತ್ತಿರ ಇರುತ್ತದೆ. ಫೈಬರ್‌ಗ್ಲಾಸ್ ಶಾಖವನ್ನು ತಡೆಯುತ್ತದೆ, ಆವಿಯನ್ನು ತಡೆಯುವುದಿಲ್ಲ. ನೀವು ಹೊದಿಕೆ ಹಾಕಿದ್ದರಿಂದ ತಗಡು ಇನ್ನೂ ತಣ್ಣಗಾಯಿತು, ಆವಿಗೆ ಮಾತ್ರ ದಾರಿ ಹಾಗೇ ಉಳಿಯಿತು.

ಇನ್ನು ಆ ಹೀಟರ್. ಪ್ರೊಪೇನ್ ಉರಿದಾಗ ನೀರಿನ ಆವಿ ಹುಟ್ಟುತ್ತದೆ. 20 ಪೌಂಡಿನ ಒಂದು ಸಿಲಿಂಡರ್ ಖಾಲಿಯಾದರೆ ಹತ್ತಿರ ಹತ್ತಿರ 15 ಲೀಟರ್ ನೀರು. ಒಂದು ತುಂಬಿದ ಕೊಡವನ್ನು ನೀವೇ ಒಳಗೆ ಹೊತ್ತು ತಂದು ಗೋಡೆಗೆ ಎರಚಿದ ಲೆಕ್ಕ. ಮೊದಲು ಅದನ್ನು ಬದಲಾಯಿಸಿ. ಹೊಗೆಯನ್ನು ಹೊರಗೆ ಬಿಟ್ಟು, ಉರಿಯಲು ಬೇಕಾದ ಗಾಳಿಯನ್ನೂ ಹೊರಗಿನಿಂದಲೇ ಎಳೆದುಕೊಳ್ಳುವ ಯೂನಿಟ್ ಹೀಟರ್ ಸಿಗುತ್ತದೆ, ಸೀಲಿಂಗಿಗೆ ತೂಗುಹಾಕಬಹುದು. ಮರದ ಪುಡಿ ಹಾರುವ ಜಾಗಕ್ಕೂ ಅದೇ ಒಳ್ಳೆಯದು, ಬೆಂಕಿ ಬಯಲಲ್ಲಿ ಇರುವುದಿಲ್ಲ.

ತಗಡು ಬಿಚ್ಚದೆ ಆಗುತ್ತದಾ ಅಂದರೆ, ಮಾಡುವವರಿದ್ದಾರೆ. ಗರ್ಟ್‌ಗಳ ನಡುವೆ ಫೋಮ್ ಹಲಗೆ ಕತ್ತರಿಸಿ ಕೂರಿಸಿ, ಸುತ್ತ ಡಬ್ಬಿ ಫೋಮ್ ತುಂಬುತ್ತಾರೆ. ಒಂದು ಸಂದು ಬಿಟ್ಟುಹೋದರೂ ಆವಿ ಅಲ್ಲೇ ನುಗ್ಗುತ್ತದೆ. ನನ್ನ ಮಾತು ಕೇಳಿದರೆ ಬೇಸಿಗೆಯಲ್ಲಿ ತಗಡು ಬಿಚ್ಚಿ. ಭಯ ಬೀಳಬೇಡಿ. ಒಂದು ಶೀಟು ಮೂರಡಿ ಅಗಲ. 40 ಅಡಿ ಗೋಡೆಗೆ ಹದಿನಾಲ್ಕು ಶೀಟು. ನಾನೂ ನನ್ನ ಭಾವಮೈದುನನೂ ಸೇರಿ ಒಂದು ಶನಿವಾರ ಒಂದು ಗೋಡೆ ಮುಗಿಸಿದೆವು. ಶೀಟಿನ ಹಿಂದೆ ನಂಬರ್ ಬರೆದಿಡಿ, ಅದೇ ಜಾಗಕ್ಕೆ ವಾಪಸ್ ಹೋಗಬೇಕು. ಗರ್ಟ್ ಮೇಲೆ ಹೌಸ್ ರ್‍ಯಾಪ್ ಎಳೆದು ಹೊಡೆಯಿರಿ. ಕೆಳಗಡೆ ಅದು ನೆಲದ ಹತ್ತಿರದ ಹಲಗೆಯ ಹೊರಮೈ ಮೇಲೆ ಇಳಿಯಬೇಕು, ಒಳಗೆ ಮಡಚಬೇಡಿ. ತಗಡಿನಿಂದ ತೊಟ್ಟಿಕ್ಕಿದ ನೀರು ರ್‍ಯಾಪಿನ ಹೊರಮೈ ಮೇಲೆ ಜಾರಿ ಹೊರಗೇ ಹೋಗಲಿ. ಗಾಳಿಯನ್ನು ತಡೆದು ಆವಿಯನ್ನು ಬಿಡುವುದೇ ಅದರ ಗುಣ. ಹಳೇ ಸ್ಕ್ರೂ ಮತ್ತೆ ಬಳಸಬೇಡಿ, ರಬ್ಬರ್ ವಾಷರ್ ಸತ್ತಿರುತ್ತದೆ. ಅದೇ ತೂತಿಗೆ ಒಂದು ಸೈಜು ದಪ್ಪದ ಸ್ಕ್ರೂ ಹಾಕಿ.

ಒಳಗಡೆ ಕಂಬಗಳ ನಡುವೆ ಟು-ಬೈ-ಸಿಕ್ಸ್ ಹಲಗೆಗಳನ್ನು ಪುಸ್ತಕದ ಕಪಾಟಿನ ಅಡ್ಡಹಲಗೆಯ ಹಾಗೆ ಮಲಗಿಸಿ ಹೊಡೆಯಿರಿ, 24 ಇಂಚಿಗೆ ಒಂದು, ಹೊರಗಿನ ಗರ್ಟ್‌ನ ಸಮಕ್ಕೆ. ಸಿಕ್ಸ್-ಬೈ-ಸಿಕ್ಸ್ ಅಂದರೂ ಕಂಬ ನಿಜಕ್ಕೂ ಐದೂವರೆ ಇಂಚೇ ಇರುವುದರಿಂದ ನಡುವೆ ಏಳೂವರೆ ಅಡಿ ಮೇಲೆ ಅರ್ಧ ಇಂಚು ಉಳಿಯುತ್ತದೆ. ಎಂಟಡಿ ಹಲಗೆ ತಂದರೆ ಜಾಸ್ತಿ ಹಾಳಾಗುವುದಿಲ್ಲ. ಆದರೆ ಪ್ರತಿ ಕಂಬದ ನಡುವೆಯೂ ಬೇರೆ ಬೇರೆ ಅಳೆಯಿರಿ, ಪೋಲ್ ಬಾರ್ನ್ ಕಂಬಗಳು ಒಂದರ ಹಾಗೆ ಒಂದು ನಿಂತಿರುವುದಿಲ್ಲ. ಆಗ ಹೊರಗಿನ ಗರ್ಟ್‌ನ ಒಂದೂವರೆ ಇಂಚೂ ಸೇರಿ ಗೋಡೆಯ ಆಳ ಏಳು ಇಂಚಾಗುತ್ತದೆ. ಆರ್ ಅಂದರೆ ಶಾಖ ತಡೆಯುವ ಶಕ್ತಿಯ ಅಳತೆ, ಹೆಚ್ಚಿದ್ದಷ್ಟೂ ಒಳ್ಳೆಯದು; ಆರ್-19 ಹೊದಿಕೆ ಆರೂಕಾಲು ಇಂಚು ದಪ್ಪ, ಒತ್ತದೆ ಕೂರುತ್ತದೆ. 24 ಇಂಚು ಅಗಲದ್ದು, ಕಾಗದ ಅಂಟಿಸದಿರುವುದು ಕೇಳಿ. ಅದರ ಮೇಲೆ 6 ಮಿಲ್ (ಇಂಚಿನ ಸಾವಿರದಲ್ಲಿ ಆರು ಭಾಗ) ದಪ್ಪದ ಪ್ಲಾಸ್ಟಿಕ್ ಹಾಳೆ, ಸೇರುವಲ್ಲೆಲ್ಲ ಟೇಪು. ಮೇಲೆ ಮರದ ಚಕ್ಕೆ ಅಂಟಿಸಿ ಮಾಡಿದ ಓಎಸ್‌ಬಿ ಹಲಗೆ. ಪ್ಲಾಸ್ಟಿಕ್ ಯಾವಾಗಲೂ ಬೆಚ್ಚಗಿರುವ ಕಡೆಗೇ ಬರಬೇಕು. ಊರಲ್ಲಿ ಮಳೆಗಾಲದ ತೇವ ಹೊರಗಿನಿಂದ ಒಳಗೆ ಬರುತ್ತದೆ. ಇಲ್ಲಿ ಚಳಿಗಾಲದಲ್ಲಿ ಅದು ಒಳಗಿನಿಂದ ಹೊರಗೆ ಹೋಗಲು ನೋಡುತ್ತದೆ.

ಸ್ಪ್ರೇ ಫೋಮ್ ಕೆಟ್ಟದ್ದಲ್ಲ. ಕ್ಲೋಸ್ಡ್ ಸೆಲ್ ಅನ್ನುವ ಗಟ್ಟಿ ಬಗೆಯದನ್ನು ಎರಡು ಇಂಚು ಹೊಡೆದರೆ ಆರ್-12ರ ಮೇಲೆ ಬರುತ್ತದೆ, ಆವಿಯನ್ನೂ ಅದೇ ತಡೆಯುತ್ತದೆ. ಆದರೆ ತಗಡಿಗೇ ಅಂಟಿಕೊಳ್ಳುತ್ತದೆ. ನಾಳೆ ಆಲಿಕಲ್ಲು ಹೊಡೆದೋ ಟ್ರಾಕ್ಟರ್ ತಾಗಿಯೋ ಒಂದು ಶೀಟು ನೆಗ್ಗಿದರೆ ಅದೊಂದನ್ನೇ ಬಿಚ್ಚಲು ಆಗುವುದಿಲ್ಲ. ಬೆಂಕಿಯ ದೃಷ್ಟಿಯಿಂದ ಅದರ ಮೇಲೆ ಅರ್ಧ ಇಂಚಿನ ಡ್ರೈವಾಲ್ (ಜಿಪ್ಸಮ್ ಹಲಗೆ) ಕೂಡ ಬೇಕು.

ಈ ಲೆಕ್ಕ ನೋಡಿ. ಬಾಗಿಲು ಕಳೆದು ನಿಮ್ಮ ಗೋಡೆ 1,200 ಚದರಡಿ ಅಂದುಕೊಳ್ಳೋಣ. ಒಳಗೆ 60, ಹೊರಗೆ ಸೊನ್ನೆ. ಬರೀ ತಗಡಿಗೆ ಆರ್-ವ್ಯಾಲ್ಯೂ ಒಂದನ್ನೂ ಮುಟ್ಟುವುದಿಲ್ಲ, ಗೋಡೆಯೊಂದರಿಂದಲೇ ಗಂಟೆಗೆ 72,000 ಬಿಟಿಯುಗಿಂತ (ಇಲ್ಲಿ ಶಾಖ ಅಳೆಯುವ ಮಾನ) ಜಾಸ್ತಿ ಹೋಗುತ್ತದೆ. ಆರ್-19 ಆದ ಮೇಲೆ ಅದು 4,000ದ ಆಸುಪಾಸಿಗೆ ಇಳಿಯುತ್ತದೆ. 2019ರ ಜನವರಿ 30ರಂದು ಮಿನಿಯಾಪೊಲಿಸ್‌ನಲ್ಲಿ ಮೈನಸ್ 28 ಫ್ಯಾರನ್‌ಹೀಟ್ ಆಗಿತ್ತಲ್ಲ, ಅಂಥ ದಿನವೂ ಗೋಡೆಯ ಪಾಲು 6,000 ದಾಟುವುದಿಲ್ಲ. ಸಣ್ಣ ಹೀಟರ್ ಸಾಕು ಅಂತ ಆಗ ಗೊತ್ತಾಗುತ್ತದೆ.

ಹೌಟನ್ ಅಕ್ಕ (ಮಿಶಿಗನ್):

ತಮ್ಮಾ, ಮೇಲೆ ಹೇಳಿದ್ದೆಲ್ಲ ಸರಿ. ಹೀಟರ್ ವಿಷಯ ಮಾತ್ರ ನಾನು ಇನ್ನೂ ಗಟ್ಟಿಯಾಗಿ ಹೇಳುತ್ತೇನೆ. ಹೊಗೆಕೊಳವೆ ಇಲ್ಲದ್ದನ್ನು ಇನ್ಸುಲೇಷನ್ ಮಾಡಿ ಮುಚ್ಚಿದ ಶೆಡ್ಡಿನಲ್ಲಿ ಹಚ್ಚಲೇಬೇಡಿ. ಈಗ ಸಂದುಗಳಿಂದ ಗಾಳಿಯಾಡುತ್ತಿದೆ. ಪ್ಲಾಸ್ಟಿಕ್ ಹೊಡೆದ ಮೇಲೆ ಕಾರ್ಬನ್ ಮಾನಾಕ್ಸೈಡ್ ಹೋಗುವುದು ಎಲ್ಲಿಗೆ? ಅದಕ್ಕೆ ವಾಸನೆಯೂ ಇಲ್ಲ. ಒಂದು ಅಲಾರಂ ಇವತ್ತೇ ತಂದು ನೇತುಹಾಕಿ.

ಇನ್ನೊಂದು ಇಲಿ. ನಮ್ಮ ಶೆಡ್ಡಿನಲ್ಲಿ ಹೊದಿಕೆ ಹಾಕಿದ ಮೊದಲ ವರ್ಷವೇ ಗೋಡೆ ತುಂಬ ಸಂಸಾರ ಹೂಡಿದ್ದವು. ಕಾಲಿಂಚು ಸಂದಿದ್ದರೂ ಇಲಿ ನುಸುಳುತ್ತದೆ. ತಗಡಿನ ಏರಿಳಿತದ ಮಡಿಕೆ ಕೆಳಗಡೆ ಬಾಯಿ ತೆರೆದಿರುತ್ತದಲ್ಲ, ಅದೇ ಅವುಗಳ ಹೆಬ್ಬಾಗಿಲು. ಹೇಗೂ ಶೀಟು ಬಿಚ್ಚುತ್ತೀರಿ. ಆಗಲೇ ಕೆಳಗೆ ಉದ್ದಕ್ಕೂ ಕಾಲಿಂಚಿನ ಕಬ್ಬಿಣದ ಜಾಲರಿ ಹೊಡೆದು, ಮಡಿಕೆಯ ಬಾಯಿಗೆ ಅದೇ ಆಕಾರದ ಕ್ಲೋಷರ್ ಪಟ್ಟಿ ಕೂರಿಸಿ ಮುಚ್ಚಿ. ಆಮೇಲೆ ಮಾಡುತ್ತೇನೆ ಅಂದರೆ ಆಗುವುದಿಲ್ಲ.

ಕಾಂಕ್ರೀಟ್ ನೆಲದ ಅಂಚಿಗೂ ಹೊರಗಿನಿಂದ ಎರಡಡಿ ಅಗೆದು ಎರಡಿಂಚಿನ ಫೋಮ್ ಹಲಗೆ ನಿಲ್ಲಿಸಿ. ನಿಂತು ಕೆಲಸ ಮಾಡುವವರಿಗೆ ಕಾಲು ಮೊದಲು ಬೆಚ್ಚಗಾಗಬೇಕು.

ಉಳಿಯ ತುಕ್ಕಿಗೆ ಸದ್ಯ ಸಣ್ಣ ಉಕ್ಕಿನ ನಾರಿನಿಂದ ಎಣ್ಣೆ ಹಾಕಿ ಮೆಲ್ಲಗೆ ಉಜ್ಜಿ, ಮನೆಯೊಳಗೆ ತಂದಿಡಿ. ಚುಕ್ಕೆ ಅಂದಿರಿ, ಹೋಗುತ್ತದೆ.

ಸಾಗರದವನು:

ಇಬ್ಬರಿಗೂ ತುಂಬ ಥ್ಯಾಂಕ್ಸ್. ಆ ಕೊಡದ ಲೆಕ್ಕ ಓದಿ ಕೂಡಲೇ ಹೋಗಿ ಹೀಟರ್ ಆರಿಸಿ ಬಂದೆ. ಅಕ್ಕ ಹೇಳಿದ ಅಲಾರಂ ಕೂಡ ಬಂತು. ಉತ್ತರದ ಗೋಡೆಯ ಹೊದಿಕೆ ಬಿಚ್ಚಿ ಬೇಸ್‌ಮೆಂಟಿನಲ್ಲಿ ಒಣಗಲು ಹರಡಿದ್ದೇನೆ. ಉಳಿಗಳು ಅಡುಗೆಮನೆ ಮೇಜಿನ ಮೇಲಿವೆ. ಒಂದು ಪೂರ್ತಿ ಸರಿಹೋಯಿತು, ಇನ್ನೊಂದರಲ್ಲಿ ಹಿಡಿಯ ಹತ್ತಿರ ಸ್ವಲ್ಪ ಕಪ್ಪು ಉಳಿದಿದೆ.

ತೊಟ್ಟಿಲಿನ ಅಂಟಿನ ಕೆಲಸ ಈ ವರ್ಷ ಬೇಸ್‌ಮೆಂಟಿನಲ್ಲೇ ಮುಗಿಸುತ್ತೇನೆ. ಗೋಡೆ ಕೆಲಸ ಜೂನ್‌ನಲ್ಲಿ, ಉತ್ತರದಿಂದ ಶುರು. ಒಂದು ಅನುಮಾನ ಉಳಿದಿದೆ. ನನಗೆ ಗೋಡೆಯಲ್ಲಿ ಹನ್ನೆರಡು ಕಡೆ ಪ್ಲಗ್ ಪಾಯಿಂಟ್ ಬೇಕು. ಪ್ರತಿ ಡಬ್ಬಕ್ಕೂ ಪ್ಲಾಸ್ಟಿಕ್ ಕೊಯ್ದರೆ ಮತ್ತೆ ಹನ್ನೆರಡು ಕಡೆ ಆವಿ ನುಗ್ಗುವುದಿಲ್ಲವಾ?

ರೀಪು ಪಟ್ಟಿ:

ನುಗ್ಗುತ್ತದೆ. ಅದಕ್ಕೇ ಕೊಯ್ಯಬೇಡಿ. ವೈರಿಂಗ್ ಪೂರ್ತಿ ಓಎಸ್‌ಬಿ ಮೇಲೆ, ಹೊರಗೆ ಕಾಣುವ ಹಾಗೆ ಕಬ್ಬಿಣದ ಪೈಪಿನಲ್ಲಿ ಎಳೆಸಿ. ಶೆಡ್ಡಿನ ವಿದ್ಯುತ್ ಪೆಟ್ಟಿಗೆಯಾದ ಸಬ್ ಪ್ಯಾನಲ್‌ಗೆ ವೈರ್ ಬರುವ ಒಂದು ಕಡೆ ಮಾತ್ರ ಪ್ಲಾಸ್ಟಿಕ್ ತೂತಾಗುತ್ತದೆ, ಅಲ್ಲಿ ಸುತ್ತ ಟೇಪು ಹಾಕಿ ಸೀಲಂಟ್ ತುಂಬಿ. ಮುಂದೆ ಯಾವ ಮಷಿನ್ ಎಲ್ಲಿಗೆ ಸರಿಸಿದರೂ ಗೋಡೆ ಮುಟ್ಟದೆ ಪಾಯಿಂಟ್ ಸೇರಿಸಬಹುದು.

ಜೂನ್‌ನ ಮೊದಲ ಶನಿವಾರ ನಾನು ಬಿಡುವಾಗಿದ್ದೇನೆ. ಓ ಕ್ಲೇರ್‌ನಿಂದ ನಿಮ್ಮಲ್ಲಿಗೆ ಎರಡು ಗಂಟೆಯ ದಾರಿ ಅಷ್ಟೇ. ಏಣಿ ನಿಮ್ಮ ಹತ್ತಿರ ಎರಡು ಇದೆಯಾ, ಇಲ್ಲಾ ನಾನೇ ಒಂದು ತರಲಾ?